ಇರ್ಲಾ ನಾಲೆಯ ನೀರು ಇಳಿದ ಮೇಲೆ

ಹಗಲು ಕ್ಯಾಂಟೀನು, ರಾತ್ರಿ ಫೋರ್ಟಿನ ಕನ್ನಡ ಶಾಲೆ. ಮುಂಬಯಿಗೆ ಬಂದ ನಮ್ಮ ಕರಾವಳಿಯ ಹುಡುಗರ ದಾರಿಯೇ ನನ್ನದೂ. ಅಲ್ಲಿಂದ ಅಚ್ಚುಕೂಟ, ಆಮೇಲೆ ಕಂಪ್ಯೂಟರ್. ಅದರೊಳಗೆ ಕನ್ನಡ ಮೂಡಿಸಬಹುದೆಂಬ ಧೈರ್ಯ ಬಂದದ್ದು ಕೆ. ಪಿ. ರಾವ್ ಅವರ ಕೆಲಸ ನೋಡಿ. ಮಂಗಳೂರು ಬಳಿಯ ಕಿನ್ನಿಕಂಬಳದವರು, ಇದೇ ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ಅವರ ಕೀಲಿಮಣೆಯಲ್ಲಿ ಇಡೀ ಕನ್ನಡಕ್ಕೆ ಇಂಗ್ಲಿಷಿನ 26 ಕೀಲಿ ಸಾಕು. ಕೆ, ಎಫ್, ಕೆ ಒತ್ತಿದರೆ ‘ಕ್ಕ’. ಬೆರಳು ಉಚ್ಚಾರದ ಕ್ರಮದಲ್ಲಿ ಹೋಗುತ್ತದೆ, ಒತ್ತಕ್ಷರ ಕೂರಿಸುವ ಪಾಡು ಯಂತ್ರದ್ದು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟ ತಂತ್ರಾಂಶವನ್ನು ಅವರು ಪುಕ್ಕಟೆ ಹಂಚಿದರು. ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸದ ತಳಹದಿಯೂ ಅವರ ಕೀಲಿಮಣೆಯೇ.

ನಾನು ವಿಲೆ ಪಾರ್ಲೆ ಪಶ್ಚಿಮದಲ್ಲಿ, ಇರ್ಲಾ ನಾಲೆಯ ಹತ್ತಿರ, ನೆಲಮಟ್ಟದ ಒಂದು ಗಾಲಾ (ಅಂಗಡಿಯಂಥ ಕೋಣೆ) ಬಾಡಿಗೆಗೆ ಹಿಡಿದೆ. ಕನ್ನಡ ಫಾಂಟ್ ಮಾಡುವುದು, ಅದನ್ನು ನಡೆಸುವ ತಂತ್ರಾಂಶ ಬರೆಯುವುದು, ಅದರಲ್ಲೇ ಸಂಘಗಳ ಸ್ಮರಣ ಸಂಚಿಕೆ, ಮದುವೆ ಕಾಗದ ಜೋಡಿಸಿ ಕೊಡುವುದು. ಆಗಿನ ಫಾಂಟಿನಲ್ಲಿ ಇದ್ದದ್ದು 256 ಮನೆ. ತಲೆಕಟ್ಟು, ಕೊಂಬು, ಒತ್ತು ಎಂದು ಅಕ್ಷರಗಳನ್ನು ತುಂಡು ಮಾಡಿ ಅಷ್ಟರೊಳಗೇ ತುಂಬಬೇಕು. ಯಾವ ತುಂಡು ಯಾವ ಮನೆಗೆ ಎಂಬುದು ಒಬ್ಬೊಬ್ಬರದು ಒಂದೊಂದು ಲೆಕ್ಕ. ಫಾಂಟ್ ಇಲ್ಲದೆ ಕಡತ ತೆರೆದರೆ ಬರೀ ಗೀಚು.

2005ರ ಜುಲೈ 26, ಮಂಗಳವಾರ ಮಧ್ಯಾಹ್ನ ಹಿಡಿದ ಮಳೆ ಬಿಡಲಿಲ್ಲ. ಮರುದಿನ ಬೆಳಗಿನೊಳಗೆ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿಯಿತು, ಕೊಲಾಬಾದಲ್ಲಿ 73. ನಾಲೆಯ ನೀರು ಮೊದಲು ಹೊಸ್ತಿಲು ದಾಟಿತು, ನೋಡನೋಡುತ್ತ ಮೇಜಿಗೆ ಬಂತು. ಕರೆಂಟು ಹೋಯಿತು. ಕೆಲಸದ ಹುಡುಗರು ಒಂದು ಸಿಪಿಯು ಎತ್ತಲು ಹೋದರು. ನೀರು ಎದೆಗೆ ಬಂದಾಗ ನಾನೇ ಅದನ್ನು ಬಿಡಿಸಿ ಅವರನ್ನು ಮೆಟ್ಟಿಲಿಗೆ ಎಳೆದೆ. ಮೇಲಿನ ಮಹಡಿಯ ಗುಜರಾತಿ ಸಂಸಾರ ನಮ್ಮನ್ನು ರಾತ್ರಿಯಿಡೀ ಇರಿಸಿಕೊಂಡು ಖಿಚಡಿ ಬಡಿಸಿತು. ಫೋನುಗಳೆಲ್ಲ ಸತ್ತಿದ್ದವು. ಡೊಂಬಿವಿಲಿಯಲ್ಲಿದ್ದ ಹೆಂಡತಿಗೆ ನಾನು ಬದುಕಿದ್ದೇನೆಂದು ತಿಳಿದದ್ದು ಮರುದಿನ ಸಂಜೆ. ಗುರುವಾರ ರಾತ್ರಿ ನಮ್ಮ ಪಕ್ಕದ ನೆಹರೂ ನಗರದಲ್ಲಿ, ಅಣೆಕಟ್ಟು ಒಡೆಯಿತೆಂಬ ಗಾಳಿಸುದ್ದಿ ಹಬ್ಬಿ, ಕಾಲ್ತುಳಿತದಲ್ಲಿ ಜನ ಸತ್ತರು. ನೀರಿಗಿಂತ ಆ ರಾತ್ರಿಯ ಕೂಗು ನನ್ನನ್ನು ಹೆಚ್ಚು ದಿನ ಕಾಡಿತು.

ನೀರಿಳಿದಾಗ ಗಾಲಾದ ತುಂಬ ಕೆಸರು. ಹಾರ್ಡ್ ಡಿಸ್ಕುಗಳ ಗಾಳಿಕಂಡಿಯಿಂದ ಅದು ಒಳಗೂ ಹೊಕ್ಕಿತ್ತು. ನನ್ನ ಫಾಂಟ್, ಅದರ ಮೂಲ ಪ್ರೋಗ್ರಾಮು ಎಲ್ಲ ಹೋದವು. ಹಿರಿಯ ಲೇಖಕರೊಬ್ಬರು ಪುಸ್ತಕ ಮಾಡಲೆಂದು ನನಗೆ ಕೊಟ್ಟಿದ್ದ, ಬದುಕಿನುದ್ದಕ್ಕೂ ಬರೆದ ಲೇಖನಗಳ ನೋಟುಪುಸ್ತಕಗಳು ಕಪಾಟಿನಲ್ಲೇ ಮುದ್ದೆಯಾಗಿದ್ದವು. ಅವರು ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ: “ಪುಸ್ತಕ ಹೋಯ್ತಾ ಮಾರಾಯ?”

ಅಟ್ಟದ ಮೇಲಿನ ಸೀಡಿಗಳು ಒದ್ದೆಯಾಗಿದ್ದರೂ ಉಳಿದಿದ್ದವು. ತೊಳೆದು, ಒರೆಸಿ, ಸ್ನೇಹಿತನ ಯಂತ್ರಕ್ಕೆ ಹಾಕಿದೆ. ಕೊನೆಯ ಅಧ್ಯಾಯವೊಂದು ಬಿಟ್ಟು ಅವರ ಲೇಖನಗಳೆಲ್ಲ ಇದ್ದವು, ಗೀಚಿನ ರೂಪದಲ್ಲಿ. ಎಲ್ಲರಿಗೂ ಒಂದೇ ಲೆಕ್ಕ ಕೊಡುವ ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತು, ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ತಂದಿತ್ತು. ಆದರೆ ಪುಟ ಜೋಡಿಸಲು ಅಚ್ಚುಕೂಟಗಳು ನಂಬಿದ್ದ ಪೇಜ್‌ಮೇಕರ್ ಯೂನಿಕೋಡನ್ನು ಓದುತ್ತಿರಲಿಲ್ಲ. ಹಾಗಾಗಿ ನಮ್ಮಂಥವರೆಲ್ಲ ಹಳೆಯ ಲೆಕ್ಕದಲ್ಲೇ ಉಳಿದಿದ್ದೆವು.

ಫಾಂಟ್ ಹೋಗಿದ್ದರಿಂದ ಆ ಗೀಚು ಓದಲು ಬೇರೆ ದಾರಿ ಬೇಕಿತ್ತು. ಕುರ್ಲಾದ ಗೆಳೆಯನ ಮನೆಯಲ್ಲಿ ನಾನೇ ಜೋಡಿಸಿದ್ದ ಒಂದು ಸ್ಮರಣ ಸಂಚಿಕೆ ಸಿಕ್ಕಿತು. ಅದರ ಕಡತ ಸೀಡಿಯಲ್ಲಿತ್ತು. ಎಡಕ್ಕೆ ಅಚ್ಚಾದ ಪುಟ, ಬಲಕ್ಕೆ ಪರದೆಯ ಗೀಚು. ಸಾಲಿಗೆ ಸಾಲು ಕೂಡಿಸಿ ಯಾವ ಗೀಚು ಯಾವ ತುಂಡೆಂದು ಪಟ್ಟಿ ಮಾಡುತ್ತ ಹೋದೆ. ಹೆಚ್ಚು ಅಳಿಸಿದ್ದು ಅರ್ಕಾವತ್ತು. ನನ್ನ ಫಾಂಟಿನಲ್ಲಿ ಅದು ಅಕ್ಷರದ ಬೆನ್ನಿಗೆ ಬರುತ್ತಿತ್ತು, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ‘ಸೂರ್ಯ’ ಸರಿಯಾದರೆ ‘ವರ್ಷ’ ಕೆಡುತ್ತಿತ್ತು. ‘ಕಾರ್ತ್ಯಾಯಿನಿ’ಯಂಥ ಹೆಸರು ಬಂದಾಗ ನಿಯಮವನ್ನೇ ಹೊಸದಾಗಿ ಬರೆಯಬೇಕಾಯಿತು. ಸಾಲಕ್ಕೆ ತಂದ ಕಂಪ್ಯೂಟರಿನ ಮುಂದೆ ಕೂತು ಗೀಚನ್ನು ಯೂನಿಕೋಡಿಗೆ ತರುವ ಪರಿವರ್ತಕ ಬರೆದು ಮುಗಿಸುವಷ್ಟರಲ್ಲಿ ಗಿರಾಕಿಗಳು ಬೇರೆಡೆ ಹೋಗಿದ್ದರು, ಗಾಲಾದ ಬಾಡಿಗೆ ಏರಿತ್ತು. ಹುಡುಗರಿಗೆ ಸಂಬಳ ಕೊಡಲು ಹೆಂಡತಿಯ ಬಳೆ ಅಡವಿಟ್ಟೆ.

ಲೇಖನಗಳು ಓದುವಂತಾದಾಗ ಹಿರಿಯರು ಪ್ರತಿ ಪುಟದ ಕರಡು ತಿದ್ದಿದರು. ಸೀಡಿಗೆ ಏರಿಸದೆ ಉಳಿದಿದ್ದ ಕೊನೆಯ ಅಧ್ಯಾಯವನ್ನು ನನ್ನೆದುರು ಕೂತು ನೆನಪಿನಿಂದ ಹೇಳಿದರು. ನಾನು ನೇರ ಯೂನಿಕೋಡಿನಲ್ಲೇ ಟೈಪ್ ಮಾಡಿಕೊಂಡೆ.