ರೇಟ್ ಎಷ್ಟ್ರೀ?

ನಮ್ಮ ಧಾರವಾಡದ ಸಪ್ತಾಪುರದಾಗ ಎತ್ತ ನೋಡಿದರೂ ಪಿಎಸ್‌ಐ, ಕೆಎಎಸ್ ಕೋಚಿಂಗ್ ಬೋರ್ಡು. ಬಿ.ಇ. ಮುಗಿಸಿದವರೂ ರೀಡಿಂಗ್ ರೂಮಿನಾಗ ಸಾಮಾನ್ಯ ಜ್ಞಾನ ಉರು ಹೊಡೀತಾರ. ಹಂಗಂತ ಹುಬ್ಬಳ್ಳಿ-ಧಾರವಾಡ ಅವಳಿನಗರದಾಗ ತಂತ್ರಜ್ಞಾನಕ್ಕೇನು ಬರ ಇಲ್ಲ. 1947ರಾಗ ಶುರುವಾದ ಬಿವಿಬಿ ಕಾಲೇಜೇ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. 2016ರಾಗ ಐಐಟಿನೂ ಬಂತು.

ಆದರ ಉದ್ಯಮ ಮೇಳದಾಗ ಇಂಥ ಕಾಲೇಜು ಹುಡುಗರ ಮಳಿಗೆ ಅಂದರ ಡ್ರೋನಿನ ಮುಂದ ಸೆಲ್ಫಿ ಗದ್ದಲ. ನನಗ ಸೇರೋದು ಮಾತ್ರ ಧೋತರದ ಹಿರಿಯರ ಪ್ರಶ್ನೆ: “ತಮ್ಮಾ, ಇದರ ರೇಟ್ ಎಷ್ಟ? ಕೆಟ್ಟರ ಯಾರ ರಿಪೇರಿ ಮಾಡ್ತಾರ?” ಮೊದಲನೇದಕ್ಕ ಹುಡುಗ ಏನರ ಹೇಳ್ತಾನ. ಎರಡನೇದಕ್ಕ ಸರ್ ಮುಖ ನೋಡ್ತಾನ.

ಮೇಳದ ಸಂಘಟಕರೇ, ಮುಂದಿನ ಸಲ ಬಹುಮಾನದ ಮಳಿಗೆ ಆರಿಸಾಕ ಪ್ರೊಫೆಸರುಗಳ ಜೋಡಿ ಹುಬ್ಬಳ್ಳಿ ಗೋಕುಲ ರೋಡಿನ ಲೇಥ್ ಮೇಸ್ತ್ರಿ ಒಬ್ಬರನ್ನೂ ಕೂಡಿಸ್ರಿ.