ಉಳಿದ 170 ಮೀಟರ್

ಮರಾಠಿ ಪತ್ರಿಕೆಗಳಲ್ಲಿ ಎವರೆಸ್ಟನ್ನು 'ಹತ್ತಿದವರು' ಕಡಿಮೆ. ಅಲ್ಲಿ ಎವರೆಸ್ಟನ್ನು 'ಸರ್' ಮಾಡುತ್ತಾರೆ. 'ಸರ್ ಕರಣೆ' ಅಂದರೆ ಗೆದ್ದು ವಶಕ್ಕೆ ತೆಗೆದುಕೊಳ್ಳುವುದು. ಕೋಟೆಗೆ ಮುತ್ತಿಗೆ ಹಾಕಿ ಬುರುಜಿನ ಮೇಲೆ ತಮ್ಮ ನಿಶಾನೆ ಏರಿಸುವುದಕ್ಕೆ ಹೇಳುವ ಮಾತು. ಉರ್ದುವಿನ 'ಸರ್ ಕರನಾ' ಕೂಡ ಇದೇ. ಫಾರ್ಸಿಯಲ್ಲಿ 'ಸರ್' ಅಂದರೆ ತಲೆ. ಕನ್ನಡದ ವರದಿಗಾರ ಸಾಮಾನ್ಯವಾಗಿ 'ಶಿಖರ ಏರಿದರು' ಎಂದು ಬರೆದು ಮುಂದೆ ಹೋಗುತ್ತಾನೆ, ತೀರಾ ಹುರುಪು ಬಂದರೆ 'ಜಯಿಸಿದರು' ಅಂತಾನೆ. ಮಹಾರಾಷ್ಟ್ರದಲ್ಲಿ ಮಾತ್ರ ಯುದ್ಧದ ಕ್ರಿಯಾಪದವೇ ಮೊದಲು ಬಾಯಿಗೆ ಬರುತ್ತದೆ. ಅದಕ್ಕೆ ಅವರನ್ನು ದೂರುವಂತಿಲ್ಲ. ಬೆಟ್ಟ ಹತ್ತುವುದನ್ನು ಅವರು ಕಲಿಯುವುದೇ ಕೋಟೆಗಳಲ್ಲಿ.

ನಾಸಿಕ್ ಜಿಲ್ಲೆಯನ್ನೇ ನೋಡಿ. ಬಾಗಲಾಣದ ಕಡೆಯ ಸಾಲ್ಹೇರ್, 1,567 ಮೀಟರ್, ರಾಜ್ಯದ ಅತಿ ಎತ್ತರದ ಕೋಟೆ. 1672ರಲ್ಲಿ ಅದರ ಬುಡದ ಬಯಲಿನಲ್ಲಿ ಶಿವಾಜಿಯ ಸೈನ್ಯ ಮೊಗಲರನ್ನು ಎದುರಾಬದುರು ನಿಂತು ಸೋಲಿಸಿತು. ತ್ರ್ಯಂಬಕೇಶ್ವರದ ಆಚೆಗೆ ಹರಿಹರ ಕೋಟೆ, ಬಂಡೆಯಲ್ಲೇ ಕಡಿದ ಅದರ ಮೆಟ್ಟಿಲುಗಳನ್ನು ಈಗ ಫೋನಿನಲ್ಲಿ ನೋಡದವರಿಲ್ಲ. ಏಣಿ ಒರಗಿಸಿಟ್ಟಷ್ಟು ಕಡಿದು, ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಕೈ ಹಿಡಿಯಲು ಮೆಟ್ಟಿಲ ಅಂಚಿನಲ್ಲಿ ಗುಳಿಗಳನ್ನು ಕೊರೆದಿದ್ದಾರೆ. ಇಳಿಯುವವರು ಬಂಡೆಗೆ ಮುಖ ಮಾಡಿ, ಕಾಲಿನಿಂದ ತಡಕಾಡುತ್ತ, ಮಗು ಮಂಚದಿಂದ ಇಳಿಯುವ ಹಾಗೆ ಇಳಿಯಬೇಕು. ಇದೇ ಕೋಟೆಯ ಇನ್ನೊಂದು ಬದಿಯ ಕಡಿದಾದ ಗೋಡೆಯನ್ನು ಡಗ್ ಸ್ಕಾಟ್ 1986ರಲ್ಲಿ ಹತ್ತಿದರೆಂದು ಚಾರಣಿಗರು ಹೇಳುತ್ತಾರೆ, ಅದಕ್ಕೆ 'ಸ್ಕಾಟಿಷ್ ಕಡಾ' ಎಂದು ಹೆಸರೂ ಬಿದ್ದಿದೆ. ಪಾಪ, ಆತ ಇಂಗ್ಲೆಂಡಿನವ. ಹೆಸರು ಮಾತ್ರ ಸ್ಕಾಟ್.

ಮಳೆಗಾಲದ ಶನಿವಾರ ರಾತ್ರಿ ಮುಂಬಯಿ, ಪುಣೆ, ನಾಸಿಕ್‌ನಿಂದ ಹೊರಡುವ ಬಸ್ಸುಗಳಲ್ಲಿ ಇಂಥ ಕೋಟೆಗಳಿಗೆ ತಂಡತಂಡವಾಗಿ ಜನ ಬರುತ್ತಾರೆ. ತಂಡಕ್ಕೊಬ್ಬ ಲೀಡರ್, ಕೊನೆಯಲ್ಲಿ ಬರಲು ಇನ್ನೊಬ್ಬ. ಲೀಡರಿಗೆ ಇಪ್ಪತ್ತೈದು ವರ್ಷ ಇದ್ದರೆ ಹೆಚ್ಚು. ಅವನ ಕೊರಳಲ್ಲಿ ಸೀಟಿ, ಚೀಲದಲ್ಲಿ ಹಗ್ಗ, ಗ್ಲೂಕೋಸ್. ತನಗಿಂತ ಎರಡು ಪಟ್ಟು ವಯಸ್ಸಿನ ಗಂಡಸನ್ನು 'ದಾದಾ' ಅನ್ನುತ್ತಾನೆ, ಹೆಂಗಸನ್ನು 'ತಾಯಿ' ಅನ್ನುತ್ತಾನೆ. ಕನ್ನಡದ ಕಿವಿಗೆ ಅದು ಅಮ್ಮ ಎಂದು ಕೇಳಿಸುತ್ತದೆ, ಅವನು ಹೇಳುತ್ತಿರುವುದು ಅಕ್ಕ. ಮೆಟ್ಟಿಲ ಬುಡದಲ್ಲಿ ಯಾರದಾದರೂ ಮಂಡಿ ನಡುಗುವುದು ಕಂಡರೆ ಅವನು ಹೇಳಬೇಕಾದದ್ದು ಮೂರೇ ಶಬ್ದ: 'ತಾಯಿ, ಆತಾ ಬಸ್.' ಅಕ್ಕಾ, ಇನ್ನು ಸಾಕು. ಹಣ ಕೊಟ್ಟು, ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವರಿಗೆ ಇದನ್ನು ಹೇಳುವುದು ಸುಲಭವಲ್ಲ. ಕೋಟೆಯ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ: ಸೋಲು.

ಕೋಟೆಯಿಲ್ಲದ ಬೆಟ್ಟದಲ್ಲಿ ಬೇರೆ ಭಾಷೆ ಇದೆ. ಕಳಸೂಬಾಯಿ, 1,646 ಮೀಟರ್, ನಾಸಿಕ್‌ನ ಇಗತ್ಪುರಿ ತಾಲೂಕಿಗೆ ತಾಗಿಕೊಂಡ ಅಕೋಲೆಯಲ್ಲಿ, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. (ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಇದಕ್ಕಿಂತ ಸುಮಾರು 280 ಮೀಟರ್ ಹೆಚ್ಚು ಎತ್ತರ. ಆದರೆ ಅಲ್ಲಿಗೆ ಬಹುಪಾಲು ದಾರಿ ಕಾರೇ ಹತ್ತುತ್ತದೆ, ಆದ್ದರಿಂದ ಬೀಗುವಂಥದ್ದೇನೂ ಇಲ್ಲ.) ಬುಡದ ಬಾರಿ ಹಳ್ಳಿಯ ಜನ ನವರಾತ್ರಿಯಲ್ಲಿ ಮೇಲಿನ ದೇವಿಗೆ ಹೂವು ಕಾಯಿ ಹಿಡಿದು ಹತ್ತುತ್ತಾರೆ. ದೇವಿಯ ಕಥೆ ಸಣ್ಣದು. ಕಳಸೂ ಎಂಬ ಹುಡುಗಿ ಒಂದು ಮನೆಯಲ್ಲಿ ಕೆಲಸಕ್ಕೆ ನಿಂತಳು, ಕಸ ಗುಡಿಸುವುದಿಲ್ಲ, ಪಾತ್ರೆ ತೊಳೆಯುವುದಿಲ್ಲ ಎಂಬ ಕರಾರಿನ ಮೇಲೆ. ಒಂದು ದಿನ ಮನೆಯವರು ಆ ಕೆಲಸವನ್ನೂ ಹೇಳಿದರು. ಅವಳು ಬೆಟ್ಟ ಹತ್ತಿ ಹೋದವಳು ಮತ್ತೆ ಇಳಿಯಲಿಲ್ಲ. ಮೇಲೆ ಹೋಗಿ ಹಿಂತಿರುಗದವಳು ಅವಳೊಬ್ಬಳು, ಅವಳಿಗೆ ಗುಡಿ ಕಟ್ಟಿದರು. ಉಳಿದವರೆಲ್ಲ ಕಬ್ಬಿಣದ ಏಣಿ ಹಿಡಿದು ಸಂಜೆಯೊಳಗೆ ಇಳಿದು ಬರುತ್ತಾರೆ. ಅಲ್ಲಿ ಯಾರೂ ಕಳಸೂಬಾಯಿಯನ್ನು ಗೆಲ್ಲಲು ಹೋಗುವುದಿಲ್ಲ, ದರ್ಶನಕ್ಕೆ ಹೋಗುತ್ತಾರೆ.

ನಾಸಿಕ್‌ನಿಂದ ಸುಮಾರು ಇನ್ನೂರು ಕಿಲೋಮೀಟರ್ ಪೂರ್ವಕ್ಕೆ ಛತ್ರಪತಿ ಸಂಭಾಜಿನಗರ, 2023ರವರೆಗಿನ ಔರಂಗಾಬಾದ್. ಈ ಎರಡು ಊರುಗಳನ್ನು ಕನ್ನಡದವರು ಒಂದೇ ಉಸಿರಿನಲ್ಲಿ ನೆನೆಯಲು ಹಳೆಯ ಕಾರಣವೊಂದಿದೆ. ನಾಸಿಕ್ ಬಳಿಯ ಸಿನ್ನರ್‌ನಿಂದ ಆಳಲು ಶುರುಮಾಡಿ ಆಮೇಲೆ ದೇವಗಿರಿಗೆ ಬಂದ ಸೇವುಣರು ಕನ್ನಡ ಶಾಸನಗಳನ್ನೂ ಹಾಕಿಸಿದವರು. ಅವರ ದೇವಗಿರಿ, ಅಂದರೆ ಈಗಿನ ದೌಲತಾಬಾದ್, ಬಯಲಿನಿಂದ ಸುಮಾರು 200 ಮೀಟರ್ ಎತ್ತರ ಎದ್ದು ನಿಂತ ಬಂಡೆ. ಸಂಭಾಜಿನಗರದ ಶಾಲಾಮಕ್ಕಳು ಪ್ರವಾಸದಲ್ಲಿ ಅದನ್ನು ಹತ್ತುತ್ತಾರೆ. ಒಳಗಿನ ಕತ್ತಲ ಸುರಂಗದಲ್ಲಿ ಕಿರುಚಿ, ಬಾವಲಿಗಳನ್ನು ಎಬ್ಬಿಸಿ, ಮೇಲೆ ಹೋಗಿ ತೋಪು ಮುಟ್ಟಿ ಬರುತ್ತಾರೆ. ಈ 200 ಮೀಟರನ್ನು ನೆನಪಿಟ್ಟುಕೊಳ್ಳಿ.

ಸಮುದ್ರಮಟ್ಟದಿಂದ ಆರುನೂರು ಮೀಟರಿನ ಆಸುಪಾಸಿನಲ್ಲಿರುವ ಈ ಊರಿನಿಂದ ಹಿಮಾಲಯಕ್ಕೆ ಹೋಗುವವರಿಗೆ ಸಹ್ಯಾದ್ರಿ ಕಾಲು ಕೊಡುತ್ತದೆ, ಉಸಿರು ಕೊಡುವುದಿಲ್ಲ. ಕಳಸೂಬಾಯಿಯನ್ನು ನೂರು ಸಲ ಹತ್ತಿದವರ ರಕ್ತಕ್ಕೂ ಗಾಳಿ ತೆಳುವಾಗುವುದು ಏನೆಂದು ಗೊತ್ತಿರುವುದಿಲ್ಲ. ನೇಪಾಳದ ಬದಿಯ ಎವರೆಸ್ಟ್ ಬೇಸ್ ಕ್ಯಾಂಪ್ 5,364 ಮೀಟರ್, ಅಲ್ಲಿ ಗಾಳಿಯ ಒತ್ತಡ ಕಡಲತೀರದ ಅರ್ಧದಷ್ಟು. 8,848 ಮೀಟರಿನ ತುದಿಯಲ್ಲಿ ಮೂರನೇ ಒಂದು ಭಾಗ. ಹಾಗಾಗಿ ಗೈಡುಗಳು ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಲು ಬಿಡುವುದಿಲ್ಲ. ಹಗಲು ಮೇಲೆ ಹತ್ತಿಸಿ ರಾತ್ರಿ ಕೆಳಗೆ ಮಲಗಿಸುತ್ತಾರೆ. ಬೆಳಿಗ್ಗೆ ಬೆರಳಿಗೆ ಕ್ಲಿಪ್ ಹಾಕಿ ರಕ್ತದ ಆಮ್ಲಜನಕ ನೋಡುತ್ತಾರೆ. ತಲೆನೋವನ್ನು ಮುಚ್ಚಿಡುವವರೇ ಅವರಿಗೆ ದೊಡ್ಡ ತಲೆನೋವು. ಮುಚ್ಚಿಟ್ಟ ತಲೆನೋವು ಮಿದುಳಿನ ಬಾವಾಗಬಹುದು, ಮುಚ್ಚಿಟ್ಟ ಕೆಮ್ಮು ಶ್ವಾಸಕೋಶದ ನೀರಾಗಬಹುದು. ಎರಡಕ್ಕೂ ಮೊದಲ ಮದ್ದು ಕೆಳಗಿಳಿಯುವುದು.

ಸಂಭಾಜಿನಗರದ ಪೊಲೀಸ್ ಕಾನ್‌ಸ್ಟೆಬಲ್ ರಫೀಕ್ ಶೇಖ್ 2014ರಲ್ಲಿ ಎವರೆಸ್ಟಿಗೆ ಹೋದರು. ಆ ಏಪ್ರಿಲ್ 18ರಂದು ಖುಂಬು ಹಿಮಪಾತದಲ್ಲಿ ಹದಿನಾರು ನೇಪಾಳಿ ಕೆಲಸಗಾರರು ಸತ್ತರು, ನೇಪಾಳದ ಬದಿಯ ಹತ್ತಾಟ ನಿಂತುಹೋಯಿತು. 2015ರಲ್ಲಿ ಮತ್ತೆ ಹೋದರು. ಏಪ್ರಿಲ್ 25ರ ಭೂಕಂಪ ಬೇಸ್ ಕ್ಯಾಂಪಿನ ಮೇಲೆಯೇ ಹಿಮವನ್ನು ಉರುಳಿಸಿತು. 2016ರ ಮೇ ತಿಂಗಳಲ್ಲಿ ಮೂರನೇ ಸಲಕ್ಕೆ ತುದಿ ಮುಟ್ಟಿದರು, ಮರಾಠವಾಡಾದಿಂದ ಮೊದಲಿಗರಾಗಿ. ಹಿಂದಿನ ಎರಡೂ ವರ್ಷ ಬೇಡವೆಂದದ್ದು ಬೆಟ್ಟವೇ. ಅದರೊಂದಿಗೆ ವಾದ ಮಾಡುವಂತಿಲ್ಲ, ಹಾಗಾಗಿ ಹಿಂತಿರುಗಿದವರನ್ನು ಯಾರೂ ಪ್ರಶ್ನಿಸುವುದೂ ಇಲ್ಲ.

ಅದೇ ಊರಿನ ಕಾಲೇಜು ಅಧ್ಯಾಪಕಿ ಮನೀಷಾ ವಾಘಮಾರೆಯವರದು ಬೇರೆ. 2017ರ ಮೇ ತಿಂಗಳಲ್ಲಿ ಅವರು ತುದಿಗೆ 170 ಮೀಟರ್ ಉಳಿದಿದ್ದಾಗ ಹಿಂತಿರುಗಿದರು. ಹವೆ ಕೆಟ್ಟಿತ್ತು. 170 ಮೀಟರ್ ಎಂದರೆ ದೇವಗಿರಿಗಿಂತ ಕಡಿಮೆ, ಊರಿನ ಶಾಲಾಮಕ್ಕಳು ಕಿರುಚುತ್ತ ಹತ್ತುವಷ್ಟು. ಎಂಟು ಸಾವಿರ ಮೀಟರಿನ ಮೇಲೆ ಅದು ಗಂಟೆಗಟ್ಟಲೆಯ ಕೆಲಸ, ಒಂದು ಹೆಜ್ಜೆಗೆ ಹಲವು ಉಸಿರು. ಬೆನ್ನ ಮೇಲಿನ ಸಿಲಿಂಡರಿನ ಆಮ್ಲಜನಕ ನಿಂತಿದ್ದರೂ ಖರ್ಚಾಗುತ್ತಲೇ ಇರುತ್ತದೆ. ಆದರೆ ಕೆಳಗೆ ಊರಿನಲ್ಲಿ ಕುಳಿತು ಕೇಳಿದವರಿಗೆ ಸಿಗುವುದು ದೇವಗಿರಿಯ ಲೆಕ್ಕವೇ. ಅಷ್ಟು ದೂರ ಹೋಗಿ, ಅಷ್ಟು ಖರ್ಚು ಮಾಡಿ, ಬರೀ 170 ಮೀಟರಿಗೆ?

ಈ 'ಬರೀ' ಎಂಬುದೇ ಜನರನ್ನು ಕೊಲ್ಲುವ ಶಬ್ದ. 1995ರಲ್ಲಿ ನ್ಯೂಜಿಲೆಂಡಿನ ಗೈಡ್ ರಾಬ್ ಹಾಲ್ ತನ್ನ ತಂಡದ ಡಗ್ ಹ್ಯಾನ್ಸನ್ ಎಂಬ ಅಮೆರಿಕದ ಅಂಚೆ ನೌಕರನನ್ನು ತುದಿಗೆ ನೂರು ಮೀಟರಿನ ಆಸುಪಾಸಿನಿಂದ ಹಿಂದಕ್ಕೆ ಕರೆದುಕೊಂಡು ಬಂದರು. ಮರುವರ್ಷ ಮತ್ತೆ ಬಾ ಎಂದು ಒತ್ತಾಯಿಸಿದವರೂ ಹಾಲ್ ಅವರೇ, ಶುಲ್ಕವನ್ನೂ ಇಳಿಸಿದರು. 1996ರ ಮೇ 10ರಂದು ಮಧ್ಯಾಹ್ನ ಎರಡರೊಳಗೆ ಎಲ್ಲಿದ್ದರೂ ತಿರುಗಬೇಕಿತ್ತು. ಹ್ಯಾನ್ಸನ್ ತುದಿ ತಲುಪಿದ್ದು ನಾಲ್ಕರ ಮೇಲೆ, ಹಾಲ್ ಅಲ್ಲಿ ಕಾದಿದ್ದರು. ಇಬ್ಬರೂ ಇಳಿಯಲಿಲ್ಲ. ಆ ಬಿರುಗಾಳಿಯಲ್ಲಿ ಸತ್ತವರು ಎಂಟು ಮಂದಿ. ಅದೇ ತಂಡದ ಮೂವರು ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ, ದಾರಿಯಲ್ಲಿ ಜನ ಗಿಜಿಗುಟ್ಟುವುದನ್ನು ಕಂಡು ತಾವಾಗಿಯೇ ತಿರುಗಿ ಬದುಕಿದರು. ಹಾಲ್ ಅವರ ಹೆಸರು ಪರ್ವತ ಸಾಹಿತ್ಯ ಓದುವವರಿಗೆಲ್ಲ ಗೊತ್ತು, ಈ ಮೂವರ ಹೆಸರು ಹೇಳುವವರು ಅಪರೂಪ. ಮೊದಲ ವರ್ಷ ಬೇಡ ಎನ್ನಬಲ್ಲವನಾಗಿದ್ದ ಗೈಡಿಗೆ ಎರಡನೇ ವರ್ಷ ಯಾಕೆ ಆಗಲಿಲ್ಲ? ದಯೆಯೂ ಒಂದು ಕಾರಣವಿರಬೇಕು. ಒಮ್ಮೆ ನಿರಾಸೆಗೊಳಿಸಿದವನನ್ನು ಇನ್ನೊಮ್ಮೆ ನಿರಾಸೆಗೊಳಿಸುವುದು ಕಷ್ಟ.

ಕನ್ನಡದಲ್ಲಿ ಬೆಟ್ಟವನ್ನು ಹತ್ತುತ್ತೇವೆ. ಒಲೆಯಲ್ಲಿ ಬೆಂಕಿ ಹತ್ತುತ್ತದೆ. ಮನುಷ್ಯನಿಗೆ ಹುಚ್ಚೂ ಹತ್ತುತ್ತದೆ. ಮೂರಕ್ಕೂ ಒಂದೇ ಧಾತು, ಅಂಟಿಕೊಳ್ಳುವುದು ಅದರ ಒಳಗಿನ ಅರ್ಥ. ಶಿಖರದ ಹುಚ್ಚು ಎಂದು ಆರೋಹಿಗಳು ಹೇಳುವ ರೋಗವನ್ನು ವಿವರಿಸಲು ಕನ್ನಡಕ್ಕೆ ಹೊಸ ಶಬ್ದ ಬೇಕಾಗಿಲ್ಲ. ಯಾರು ಯಾರನ್ನು ಹತ್ತಿದ್ದಾರೆ ಎಂದು ಕೇಳಿದರೆ ಸಾಕು.

'ಸರ್' ಎನ್ನುವ ಭಾಷೆಯಲ್ಲಿ ಇರುವುದು ಎರಡೇ ಖಾನೆ, ಗೆದ್ದವರು ಮತ್ತು ಗೆಲ್ಲದವರು. ನಡುವೆ ಏನೂ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮಹಾರಾಷ್ಟ್ರದಲ್ಲೇ ಉದಾಹರಣೆ ಇದೆ. ರಫೀಕ್ ಶೇಖ್ ತುದಿ ಮುಟ್ಟಿದ ಅದೇ 2016ರ ಮೇ ತಿಂಗಳಲ್ಲಿ ಪುಣೆಯ ಪೊಲೀಸ್ ದಂಪತಿಯೊಂದು ತಾವೂ ಎವರೆಸ್ಟ್ 'ಸರ್' ಮಾಡಿದೆವೆಂದು ಸಾರಿತು. ಪ್ರಮಾಣಪತ್ರವೂ ಸಿಕ್ಕಿತು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಪರ್ವತಾರೋಹಿ ಸತ್ಯರೂಪ್ ಸಿದ್ಧಾಂತ, ಅವರು ತೋರಿಸಿದ ಚಿತ್ರಗಳು ತಮ್ಮ ಚಿತ್ರಗಳನ್ನೇ ತಿದ್ದಿ ಮಾಡಿದವೆಂದು ಹೇಳಿದರು. ನೇಪಾಳ ಸರ್ಕಾರ ಪ್ರಮಾಣಪತ್ರ ರದ್ದುಮಾಡಿ ಹತ್ತು ವರ್ಷ ಹತ್ತದಂತೆ ನಿಷೇಧ ಹಾಕಿತು. 2017ರಲ್ಲಿ ಅವರ ನೌಕರಿಯೂ ಹೋಯಿತು. ಬೆಟ್ಟಕ್ಕೆ ಹೋಗಿ, ತುದಿ ಮುಟ್ಟದೆ ಜೀವಂತ ಬಂದವರು. ಹಾಗೆಂದು ಹೇಳಿಕೊಂಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಸುಳ್ಳಿಗೆ ಅವರೇ ಹೊಣೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಂಥ ಸುಳ್ಳಿಗೆ ಮಾರುಕಟ್ಟೆ ಇದ್ದದ್ದು ಸನ್ಮಾನದ ವೇದಿಕೆಗಳಲ್ಲಿ.

ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ ಶೆರ್ಪಾ ಇದ್ದಾನೆ. ಎವರೆಸ್ಟಿನ ಕಂಪನಿಗಳಲ್ಲಿ ಗಿರಾಕಿ ತುದಿ ಮುಟ್ಟಿದರೆ ಜೊತೆಗಿದ್ದ ಶೆರ್ಪಾನಿಗೆ ಪ್ರತ್ಯೇಕ ಬೋನಸ್ ಕೊಡುವ ಪದ್ಧತಿ ಇದೆ. ಒಂದೇ ಋತುವಿನಲ್ಲಿ ವರ್ಷದ ಸಂಪಾದನೆಯ ದೊಡ್ಡ ಪಾಲು ಮಾಡಿಕೊಳ್ಳಬೇಕಾದವನಿಗೆ ಅದು ಸಣ್ಣ ಮೊತ್ತವಲ್ಲ. ಅಂದರೆ ತುದಿ ಕಣ್ಣಿಗೆ ಕಾಣುತ್ತಿರುವಾಗ 'ಸಾಕು, ಇಳಿಯೋಣ' ಅನ್ನುವ ಶೆರ್ಪಾ ತನ್ನ ಹಣವನ್ನೂ ಅಲ್ಲೇ ಬಿಟ್ಟು ಇಳಿಯುತ್ತಿರುತ್ತಾನೆ. ಗಿರಾಕಿ ಅದನ್ನು ಗಮನಿಸುವುದು ಅಪರೂಪ. ಊರಿಗೆ ಬಂದು ಹೇಳುವ ಕಥೆಯಲ್ಲಿ 'ಗೈಡ್ ಬಿಡಲಿಲ್ಲ' ಎಂಬ ಎರಡು ಶಬ್ದವಾಗಿ ಮುಗಿಯುತ್ತಾನೆ ಅವನು.

ಮನೀಷಾ ವಾಘಮಾರೆ 2018ರ ಮೇ ತಿಂಗಳಲ್ಲಿ ಮತ್ತೆ ಹೋಗಿ ತುದಿ ಮುಟ್ಟಿದರು. ಮರಾಠವಾಡಾದಿಂದ ಎವರೆಸ್ಟ್ ಏರಿದ ಮೊದಲ ಮಹಿಳೆ. ಅದೇ ಮೇ ತಿಂಗಳಲ್ಲಿ ರಾಜ್ಯ ಸರ್ಕಾರದ 'ಮಿಷನ್ ಶೌರ್ಯ' ಯೋಜನೆಯಲ್ಲಿ ಚಂದ್ರಪುರದ ಆಶ್ರಮಶಾಲೆಗಳ ಹತ್ತು ಆದಿವಾಸಿ ವಿದ್ಯಾರ್ಥಿಗಳು ಹೋಗಿದ್ದರು, ಐವರು ತುದಿ ಮುಟ್ಟಿದರು. ಉಳಿದ ಐವರೂ ಹದಿಹರೆಯದಲ್ಲೇ ಎವರೆಸ್ಟಿನ ಮೈಮೇಲೆ ಹತ್ತಿ ಇಳಿದವರು, ಅವರ ಬಗ್ಗೆ ಓದಲು ಸಿಗುವುದು ಕಡಿಮೆ. ವಾಘಮಾರೆಯವರ ಬಗ್ಗೆ ಈಗ ಬರೆಯುವವರು 2017ನ್ನು ಒಂದು ಸಾಲಿನಲ್ಲಿ ದಾಟುತ್ತಾರೆ, ಯಶಸ್ಸಿಗೆ ಮುಂಚಿನ ವೈಫಲ್ಯ ಅಂತ. ಅದು ವೈಫಲ್ಯವೇ ಆಗಿದ್ದರೆ 2018ರಲ್ಲಿ ಹತ್ತಲು ಯಾರೂ ಇರುತ್ತಿರಲಿಲ್ಲ.

ಹರಿಹರದ ಮೆಟ್ಟಿಲಿನಲ್ಲಿ ಏರುವವರೂ ಇಳಿಯುವವರೂ ಒಟ್ಟಿಗೆ ಹೋಗಲು ಜಾಗವಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬುಡದಲ್ಲಿ ಉದ್ದನೆಯ ಸಾಲು ನಿಂತಿರುತ್ತದೆ. ಮಂಡಿ ನಡುಗಿದವರು ಅಲ್ಲೇ ಬಂಡೆಯ ಮೇಲೆ ಕುಳಿತು, ಹಳ್ಳಿಯ ಹೆಂಗಸರು ಮಾರುವ ನಿಂಬೆ ಶರಬತ್ತು ಕುಡಿಯುತ್ತ, ಇಳಿದು ಬರುವ ತಮ್ಮವರಿಗೆ ಕಾಯುತ್ತಾರೆ. ಕತ್ತಲಾಗುವ ಮುನ್ನ ಎಲ್ಲರೂ ನಿರಗುಡಪಾಡೆಗೆ ಇಳಿಯುತ್ತಾರೆ. ಲೀಡರ್ ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಾನೆ, ಮೇಲೆ ಹೋದವರು, ಹೋಗದವರು, ಎಲ್ಲರದೂ. ಲೆಕ್ಕ ಸರಿಹೋಗದಿದ್ದರೆ ಇನ್ನೊಮ್ಮೆ ಎಣಿಸುತ್ತಾನೆ. ಆಮೇಲೆ ಡ್ರೈವರ್‌ಗೆ ಹೊರಡು ಅನ್ನುತ್ತಾನೆ.