ಹಳಿಯ ತುಂಡಿಗೊಂದು ಚೀಟಿ

ಗುಜರಿ ಅಂಗಡಿಯವರು ಏನು ಕೊಟ್ಟರೂ ತಗೋತಾರೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ತುಕ್ಕು ಹಿಡಿದ ಗೇಟು, ತೂತಾದ ಕೊಡ, ಮೂರು ಕಾಲಿನ ಕುರ್ಚಿ... ಆದರೆ ಅವರು ಮುಟ್ಟಲೂ ಹೆದರುವ ವಸ್ತು ಒಂದಿದೆ. ರೈಲು ಹಳಿಯ ತುಂಡು.

ಹುಬ್ಬಳ್ಳಿ ಮೊದಲಿನಿಂದ ರೈಲ್ವೆ ಊರು. ವರ್ಕ್‌ಶಾಪು ಬ್ರಿಟಿಷರ ಕಾಲದ್ದು, 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲೇ. ಹಳೇ ಲೇತ್ ಅಂಗಡಿಗಳಲ್ಲಿ ಹಳಿಯ ತುಂಡನ್ನೇ ಅಡಿಗಲ್ಲು ಮಾಡಿಕೊಂಡಿರುತ್ತಾರೆ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ನಮ್ಮ ಕಾಕಾ ಅವರ ಅಂಗಡಿಯಲ್ಲೂ ಒಂದಿತ್ತು.

ಮಂಡಿನೋವು ಅಂತ ಕಾಕಾ ಈ ವರ್ಷ ಅಂಗಡಿ ಮುಚ್ಚಿದರು. ಸಾಮಾನು ಮಾರಲು ನೆರವಾಗೋಣ ಅಂತ ನಾನೂ ಬೆಂಗಳೂರಿನಿಂದ ಹೋಗಿದ್ದೆ (ಕೀಬೋರ್ಡ್ ಕುಟ್ಟುವವನ ಕೈಗೆ ಕಬ್ಬಿಣ ಕೊಟ್ಟರೆ ಏನಾಗುತ್ತೆ, ನನ್ನ ಸೊಂಟವನ್ನು ಕೇಳಿ :) ). ಗುಜರಿಯವನು ಎಲ್ಲ ತೂಗಿದ. ಹಳಿಯ ತುಂಡಿನ ಹತ್ತಿರ ಬಂದು ನಿಂತುಬಿಟ್ಟ.

"ಅದೊಂದು ಬಿಡ್ರಿ ಯಜಮಾನ್ರ, ನಾ ಒಲ್ಲೆ."

"ಮೂವತ್ತು ವರ್ಷ ಆತೋ ನನ್ನ ಕಡೆ ಬಂದು. ಮೀಟರ್ ಗೇಜ್ ಕಿತ್ತಾಗ ಹರಾಜು ಹಿಡದಾಂವನ ಕಡೆ ರೊಕ್ಕಾ ಕೊಟ್ಟು ತಗೊಂಡೀನಿ. ಕದ್ದಿಲ್ಲ."

"ಚೀಟಿ ಐತೇನ್ರಿ?"

ಕಾಕಾ ಮುಖ ಕೆಂಪಗಾಯಿತು.

ಅವತ್ತು ರಾತ್ರಿ ಕೂತು ಕಾನೂನು ಓದಿದೆ. ಸಾಮಾನ್ಯ ಕಳ್ಳಮಾಲಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು ಇದೆ (2024ರ ಜುಲೈ 1ಕ್ಕಿಂತ ಮೊದಲು ಐಪಿಸಿ 411). ಅದರಲ್ಲಿ, ಕದ್ದದ್ದು ಅಂತ ನಿನಗೆ ಗೊತ್ತಿತ್ತು, ಅಥವಾ ಹಾಗೆ ನಂಬಲು ಕಾರಣವಿತ್ತು ಅಂತ ಸರಕಾರದವರು ಸಾಬೀತು ಮಾಡಬೇಕು. ಆದರೆ ರೈಲ್ವೆ ಮಾಲಿಗೆ 1966ರ ಬೇರೆಯೇ ಕಾಯ್ದೆ ಇದೆ, ಅಕ್ರಮ ಸ್ವಾಧೀನದ್ದು. ಅಲ್ಲಿ ಲೆಕ್ಕ ಉಲ್ಟಾ! ರೈಲ್ವೆ ಮಾಲು ನಿಮ್ಮ ಹತ್ತಿರ ಸಿಕ್ಕಿ, ಅದು ಕದ್ದದ್ದಿರಬಹುದು ಅನ್ನೋ ಅನುಮಾನಕ್ಕೆ ಕಾರಣ ಇದ್ದರೆ, ನ್ಯಾಯವಾಗಿ ಬಂತು ಅಂತ ನೀವೇ ತೋರಿಸಬೇಕು. ಇಲ್ಲದಿದ್ದರೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ವಿಶೇಷ ಕಾರಣ ಇಲ್ಲದಿದ್ದರೆ ಒಂದು ವರ್ಷಕ್ಕೆ ಕಡಿಮೆ ಮಾಡುವ ಹಾಗಿಲ್ಲ. ವಿಚಾರಣೆ ಮಾಡುವವರೂ ಪೊಲೀಸರಲ್ಲ, ಆರ್‌ಪಿಎಫ್‌ನವರು.

ರೈಲ್ವೆ ತನ್ನ ಹಳೇ ಹಳಿಗಳನ್ನು ತಾನೇ ಹರಾಜು ಹಾಕುತ್ತದೆ. ಕೊಂಡವನ ಕೈಯಲ್ಲಿ ಅದು ಬರೀ ಕಬ್ಬಿಣ. ಆದರೆ ಅವನಿಂದ ಎರಡನೆಯವನಿಗೆ, ಮೂರನೆಯವನಿಗೆ ಹೋಗುವಾಗ ಚೀಟಿ ಜೊತೆಗೆ ಹೋಗದಿದ್ದರೆ ಕಬ್ಬಿಣ ಮತ್ತೆ ಅನುಮಾನದ ಹಳಿ ಆಗುತ್ತದೆ. ಹಳಿ ಕದ್ದರೆ ಜನ ಸಾಯುತ್ತಾರೆ, ಕಾಯ್ದೆ ಬಿಗಿ ಇರಲಿ, ಒಪ್ಪುತ್ತೇನೆ. ಆದರೆ ಮೂವತ್ತು ವರ್ಷದ ಹಿಂದೆ ಅಡಿಗಲ್ಲಿಗೆ ಯಾರು ಬಿಲ್ ಕೇಳುತ್ತಿದ್ದರು ಹೇಳಿ? ಗುಜರಿಯವನನ್ನೂ ಬೈಯಲು ಮನಸ್ಸಾಗಲಿಲ್ಲ. ಅಂಗಡಿಯಲ್ಲಿ ಮಾಲು ಸಿಕ್ಕರೆ ಮೊದಲು ಒಳಗೆ ಹೋಗುವವನು ಅವನೇ. ಕರೆಂಟ್ ಲೈನಿನ ತಂತಿಯದ್ದೂ ಇದೇ ಭಯ. 2003ರ ವಿದ್ಯುತ್ ಕಾಯ್ದೆಯಲ್ಲಿ ಕದ್ದವನಿಗೊಂದು, ಕೊಂಡವನಿಗೊಂದು ಕಲಮು.

ತೆರಿಗೆಯದ್ದು ಇನ್ನೊಂದು ಕಥೆ. ಕಾಕಾ ವಹಿವಾಟು ವರ್ಷಕ್ಕೆ 40 ಲಕ್ಷದ ಹತ್ತಿರಕ್ಕೂ ಹೋಗದ್ದರಿಂದ ಜಿಎಸ್‌ಟಿ ನೋಂದಣಿ ಇರಲಿಲ್ಲ. 2024ರ ಅಕ್ಟೋಬರ್ 10ರಿಂದ ಇಂಥ ಸಣ್ಣ ವ್ಯಾಪಾರಿಯ ಲೋಹದ ಗುಜರಿಯನ್ನು ನೋಂದಣಿ ಇರುವವನು ಕೊಂಡರೆ, ತೆರಿಗೆಯನ್ನು ಕೊಂಡವನೇ ಕಟ್ಟಬೇಕು. ಹಾಗಾಗಿ ಅವನಿಗೂ ಲೆಕ್ಕ ಬೇಕು. ಆಧಾರ್ ಜೆರಾಕ್ಸ್ ಕೇಳಿದ, ರಿಜಿಸ್ಟರಿನಲ್ಲಿ ಸಹಿ ಕೇಳಿದ.

"ನಾ ಏನ್ ಕಳ್ಳ ಅದೀನೇನು?" ಅಂತ ಕಾಕಾ ಪೆನ್ನು ಕೆಳಗಿಟ್ಟರು.

ಇಂಗ್ಲೆಂಡಿನಲ್ಲಿ 2013ರಿಂದ ಗುಜರಿಗೆ ನಗದು ಕೊಡುವುದೇ ನಿಷೇಧ, ಮಾರುವವರ ಹೆಸರು-ವಿಳಾಸ ಪರೀಕ್ಷಿಸಿ ಬರೆದಿಡಬೇಕು ಅಂತ ಹೇಳಿ ನೋಡಿದೆ. "ಅಲ್ಲಿ ಮಂದಿಗೆ ಮಂದಿ ಗುರ್ತ ಇರೂದಿಲ್ಲೋ" ಅಂದರು. ಆಮೇಲೆ ಸಹಿ ಹಾಕಿದರು. ಗುಜರಿಯವನಿಗೂ ಅದು ಬೇಕಿತ್ತು ನೋಡಿ. ನಾಳೆ ಯಾರಾದರೂ ಕೇಳಿದರೆ ತೋರಿಸಲು ಅವನ ಹತ್ತಿರ ಇರುವುದು ಆ ಒಂದು ಸಹಿ.

ಹರಾಜು ಹಿಡಿದಿದ್ದ ವ್ಯಾಪಾರಿ ಈಗಿಲ್ಲ. ಮಗ ಕೇಶ್ವಾಪುರದಲ್ಲಿದ್ದಾನಂತೆ. ಹಳೇ ಬಿಲ್ ಬುಕ್ಕೇನಾದರೂ ಉಳಿದಿದೆಯಾ ಅಂತ ಕೇಳಲು ಕಾಕಾ ಈ ಭಾನುವಾರ ಅವನ ಮನೆಗೆ ಹೊರಟಿದ್ದಾರೆ.